ಮೇಲಿನ ಮನೆ ಖಾಲಿ ಮಾಡಿಸಿ ಹೋಂಸ್ಟೇ ಮಾಡಲೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಸ್ವಂತ ಮನೆ ಇದೆ. ಕೆಳಗೆ ನಾನು, ನಮ್ಮ ಯಜಮಾನರು. ಮೇಲೆ ಎರಡು ಬೆಡ್‌ರೂಮಿನ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದೇ ಕುಟುಂಬ ಬಾಡಿಗೆಗಿದೆ. 14,000 ರೂಪಾಯಿ ಕೊಡುತ್ತಾರೆ. ಬೆಂಗಳೂರಿನಲ್ಲಿರುವ ಮಗ, 'ಅವರನ್ನು ಬಿಡಿಸಿ ಹೋಂಸ್ಟೇ ಮಾಡಮ್ಮ, ದಿನಕ್ಕೆ 2,500 ಸಿಗುತ್ತೆ' ಎನ್ನುತ್ತಾನೆ. ನನಗೆ ಮಂಡಿ ನೋವು. ಬಾಡಿಗೆಯವರ ಮಗಳು ಈಗ ಎರಡನೇ ಪಿಯುಸಿ. ಕೆಳಗೆ ಹಿಂದಿನ ರೂಮು ಖಾಲಿ ಇದೆ, ಅದಕ್ಕೆ ಬೇರೆ ಬಾಗಿಲೂ ಇದೆ. ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲು ಆ ಹುಡುಗಿಯ ವಿಷಯ. ಏನೇ ತೀರ್ಮಾನ ಮಾಡಿ, ಅವಳ ಪರೀಕ್ಷೆ ಮುಗಿಯುವವರೆಗೆ ಮನೆ ಬಿಡಿ ಎನ್ನಬೇಡಿ. ಕರಾರು ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಸಾಕು ಎಂದು ಬರೆದಿರಬಹುದು. ಆದರೂ ಒಂಬತ್ತು ವರ್ಷ ತಿಂಗಳ ಮೊದಲ ವಾರ ಬಾಡಿಗೆ ತಂದುಕೊಟ್ಟವರಿಗೆ ಮೂರು ತಿಂಗಳಾದರೂ ಸಮಯ ಕೊಡಬೇಕು. ಅವರ ಅಡ್ವಾನ್ಸ್ ಹಣವೂ ಕೈಯಲ್ಲಿ ರೆಡಿ ಇರಬೇಕು.

ಇನ್ನು ಆ 2,500ರ ಮಾತು. ನಾವು ಜಯಲಕ್ಷ್ಮೀಪುರಂನಲ್ಲಿ ನಮ್ಮ ಮೇಲಿನ ಮನೆಯನ್ನು 2018ರಲ್ಲಿ ಹೀಗೇ ದಿನದ ಲೆಕ್ಕಕ್ಕೆ ಕೊಡಲು ಶುರು ಮಾಡಿದೆವು. ಮಂಚ, ಹಾಸಿಗೆ, ಫ್ರಿಜ್, ಗೀಸರ್, ಯುಪಿಎಸ್ ಅಂತ ಮೊದಲೇ ಒಂದೂವರೆ ಲಕ್ಷ ಹೋಯಿತು. ಎರಡು ವರ್ಷ ಆಗುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಪಕ್ಕದ ಮನೆಯವರಿಗೆ ಬಾಡಿಗೆ ಸ್ವಲ್ಪ ತಡವಾಗಿಯಾದರೂ ಬರುತ್ತಿತ್ತು. ನಮಗೆ ತಿಂಗಳುಗಟ್ಟಲೆ ಒಂದು ರೂಪಾಯಿಯೂ ಇಲ್ಲ.

ಅದು ಕೆಟ್ಟ ಕಾಲ, ಬಿಡಿ. ಒಳ್ಳೆಯ ವರ್ಷದ ಲೆಕ್ಕವನ್ನೇ ಹೇಳುತ್ತೇನೆ. 2023ರಲ್ಲಿ ನಮ್ಮಲ್ಲಿ 142 ರಾತ್ರಿ ಜನ ಇದ್ದರು. ದಸರಾದಲ್ಲಿ ಜಾಸ್ತಿ ದರ, ಆಷಾಢದಲ್ಲಿ ಕಡಿಮೆ. ಸರಾಸರಿ 2,300 ರೂಪಾಯಿ. ಕೈಗೆ ಬಂದದ್ದು ಸುಮಾರು 3,26,000. ಆ್ಯಪ್‌ನವರ ಕಮಿಷನ್ 49,000. ಒಟ್ಟು 78 ಬುಕಿಂಗ್, ಪ್ರತಿ ಸಲ ಗುಡಿಸಿ ಒರೆಸಿ ಬಟ್ಟೆ ಒಗೆಸಲು 400 ಅಂದರೆ 31,000. ಕರೆಂಟು, ವೈಫೈ, ಗ್ಯಾಸು 38,000. ಹೊಸ ಬೆಡ್‌ಶೀಟು, ನಲ್ಲಿ ರಿಪೇರಿ, ಗೀಸರ್ ಕಾಯಿಲ್ ಅಂತ 30,000. ಉಳಿದದ್ದು 1,78,000. ನಿಮಗೆ ಈಗ ಸುಮ್ನೆ ಕೂತಿದ್ದರೂ ವರ್ಷಕ್ಕೆ 1,68,000 ಬರುತ್ತಿದೆ ಅಲ್ವಾ? ಹತ್ತು ಸಾವಿರ ಜಾಸ್ತಿಗೆ ನಾನು 78 ಸಲ ಮೆಟ್ಟಿಲು ಹತ್ತಿ ಹಾಸಿಗೆ ಕೊಡವಿದ್ದೇನೆ. ನಿಮಗೆ ಮಂಡಿ ನೋವು ಬೇರೆ.

ಮಗ ಹೇಳುವ ದರ ಸುಳ್ಳಲ್ಲ. ಆದರೆ ಎಷ್ಟು ರಾತ್ರಿ ಎಂಬುದನ್ನು ಅವನು ಲೆಕ್ಕ ಹಾಕಿಲ್ಲ. ಜಂಬೂಸವಾರಿಯ ಹಿಂದಿನ ದಿನ ನಮ್ಮೂರಲ್ಲಿ ದನದ ಕೊಟ್ಟಿಗೆಗೂ ಬೇಡಿಕೆ. ದಸರಾ ಮುಗಿದ ಮೇಲಿನ ಮಂಗಳವಾರ ನೋಡಿ. ಝೂಗೆ ರಜೆ, ನಮ್ಮ ಮೇಲಿನ ಮನೆಯೂ ಖಾಲಿ. 2023ರಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಇನ್ನೊಂದು ಬದಲಾವಣೆ ಕಂಡೆ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದಲ್ಲ, ಬೆಂಗಳೂರಿನವರು ಅದನ್ನು ನೋಡಿ ಹಾಗೇ ಕಾರು ಹತ್ತುತ್ತಾರೆ. ಮೊದಲು ಅವರೇ ಒಂದು ರಾತ್ರಿ ಉಳಿಯುತ್ತಿದ್ದರು.

ನೀರಿನ ವಿಷಯ ನಿಮ್ಮ ಮಗನಿಗೆ ಹೊಳೆದೇ ಇಲ್ಲ ಅನ್ನಿಸುತ್ತದೆ. ಒಂದು ವಿಜಯದಶಮಿಗೆ ಆರು ಜನ ಅಂತ ಬುಕ್ ಮಾಡಿ ಒಂಬತ್ತು ಜನ ಬಂದರು. ಅಜ್ಜಿ, ಕೈಕೂಸು ಎಲ್ಲ ಇದ್ದರು, ಹಬ್ಬದ ದಿನ ಹೇಗೆ ವಾಪಸ್ ಕಳಿಸುವುದು? ಬೆಳಿಗ್ಗೆ ಎಂಟಕ್ಕೆ ಟ್ಯಾಂಕ್ ಖಾಲಿ. ಒಬ್ಬ ಹುಡುಗ ತಲೆ ತುಂಬ ಶಾಂಪೂ ನೊರೆ, ಸೊಂಟಕ್ಕೆ ಟವೆಲ್, ಮೆಟ್ಟಿಲ ಮೇಲೆ ನಿಂತು 'ಆಂಟಿ, ನೀರು!' ಎಂದು ಕೂಗುತ್ತಿದ್ದ. ಸಂಪ್‌ನಲ್ಲೂ ಒಂದು ಗೇಣು ಮಾತ್ರ. ನಮ್ಮ ಯಜಮಾನರು ಪಕ್ಕದ ಮನೆಯಿಂದ ಎರಡೆರಡು ಬಕೆಟ್ ಹೊತ್ತು ತಂದರು. ಅವರಿಗೆ ಆಗ ಅರವತ್ತಾರು. ಅವರು ಮೆಟ್ಟಿಲ ತಿರುವಿನಲ್ಲಿ ಬಕೆಟ್ ಇಟ್ಟು ಉಸಿರು ತೆಗೆದುಕೊಂಡದ್ದು ಈಗಲೂ ಕಣ್ಣ ಮುಂದಿದೆ. ಆವತ್ತಿನಿಂದ ನಾಲ್ಕು ಜನಕ್ಕಿಂತ ಹೆಚ್ಚು ತೆಗೆದುಕೊಂಡಿಲ್ಲ.

ಕಾಗದ ಪತ್ರದ ಮಾತು ಬೇಗ ಹೇಳಿಬಿಡುತ್ತೇನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ, ಪಾಲಿಕೆಯಲ್ಲಿ ಲೈಸೆನ್ಸ್ ಮತ್ತು ಕಂದಾಯ, ಕರೆಂಟಿನ ಕಂಪನಿ ಸೆಸ್ಕ್‌ನಲ್ಲಿ ಮೀಟರು, ಮೂರೂ ಕಡೆ ಮೊದಲೇ ವಿಚಾರಿಸಿ. ಗೃಹಜ್ಯೋತಿ ಇರುವುದು ಗೃಹಬಳಕೆಗೆ ಮಾತ್ರ, ನೆನಪಿರಲಿ. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್ ಫಾರಂನಲ್ಲಿ ಅವರ ವಿವರ ತುಂಬಲೇಬೇಕು. ಇದರಲ್ಲಿ ಉದಾಸೀನ ಬೇಡ. ಆದಾಯ ತೆರಿಗೆಯಲ್ಲೂ ವ್ಯತ್ಯಾಸ ಇದೆ. ಮನೆ ಬಾಡಿಗೆಗೆ ರಸೀದಿ ಇಲ್ಲದೆಯೇ ಶೇ 30 ಕಳೆಯುತ್ತಾರೆ. ದಿನದ ಲೆಕ್ಕದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಅದು ವ್ಯಾಪಾರದ ಆದಾಯ, ಪ್ರತಿ ಖರ್ಚಿಗೂ ರಸೀದಿ ಇಡಬೇಕು. ಆಡಿಟರ್ ಹತ್ತಿರ ಒಂದು ಸಲ ಮಾತಾಡಿ.

2023ರ ಲೆಕ್ಕ ನೋಡಿದ ಮೇಲೆ ನಾವೂ ದಾರಿ ಬದಲಿಸಿದೆವು. ಈಗ ತಿಂಗಳ ಲೆಕ್ಕಕ್ಕೆ ಮಾತ್ರ ಕೊಡುತ್ತೇವೆ. ನಮಗೆ ಗೋಕುಲಂ ಹತ್ತಿರ. ಯೋಗ ಕಲಿಯಲು ಹೊರದೇಶದಿಂದ ಬರುವವರು ಒಂದೆರಡು ತಿಂಗಳು ಇರುತ್ತಾರೆ, ಬೆಳಗಿನ ಜಾವ ಎದ್ದು ಹೋಗುತ್ತಾರೆ, ರಾತ್ರಿ ಬೇಗ ಮಲಗುತ್ತಾರೆ. ನಿಮ್ಮ ಕಡೆ ಯೋಗದವರು ಅಷ್ಟು ಬರಲಾರರು. ಆದರೆ ಆಸ್ಪತ್ರೆಗೆ ಓಡಾಡುವ ಕುಟುಂಬದವರು, ಅಪ್ಪ ಅಮ್ಮನ ಜೊತೆ ಒಂದು ತಿಂಗಳು ಕಳೆಯಲು ಅಮೆರಿಕದಿಂದ ಬರುವ ಮಕ್ಕಳು, ಇಂಥವರಿಗೆ ಸಾಮಾನು ಇರುವ ಮನೆ ಬೇಕಾಗುತ್ತದೆ. ತಿಂಗಳಿಗೊಮ್ಮೆ ಹಾಸಿಗೆ ಬದಲಾಯಿಸಿದರೆ ಮಂಡಿ ತಡೆದುಕೊಳ್ಳುತ್ತದೆ.

ಹಾಗಾಗಿ ಮೇಲಿನವರನ್ನು ಈಗ ಬಿಡಿಸಬೇಡಿ. ನಿಮ್ಮ ಹಿಂದಿನ ರೂಮು ಇದೆಯಲ್ಲ, ಮೇಲೆ ಹೇಳಿದ ವಿಚಾರಣೆ ಎಲ್ಲ ಮುಗಿಸಿಕೊಂಡು ಬರುವ ದಸರಾಕ್ಕೆ ಅದನ್ನು ಮಾತ್ರ ಕೊಟ್ಟು ನೋಡಿ. ಒಂದು ಜೋಡಿಗೆ ಸಾಕು. ಮಗನಿಗೆ ಹತ್ತು ದಿನ ರಜೆ ಹಾಕಿ ಬರಲು ಹೇಳಿ. ಫೋನ್ ಅವನ ಕೈಯಲ್ಲಿರಲಿ, ಮಧ್ಯರಾತ್ರಿ ರೈಲಿಳಿದು ಬಂದವರಿಗೆ ಗೇಟು ಅವನೇ ತೆಗೆಯಲಿ, ಬೆಡ್‌ಶೀಟೂ ಅವನೇ ಒಗೆಯಲಿ. ಒಂದು ನೋಟ್‌ಬುಕ್ಕಿನಲ್ಲಿ ಬಂದದ್ದು, ಹೋದದ್ದು ಎರಡನ್ನೂ ಬರೆದಿಡಿ. ದೀಪಾವಳಿ ಹೊತ್ತಿಗೆ ಆ ನೋಟ್‌ಬುಕ್ ಮುಂದಿಟ್ಟುಕೊಂಡು ಮಗನೊಡನೆ ಇನ್ನೊಮ್ಮೆ ಕೂತು ಮಾತಾಡಿ. ನನಗೂ ಒಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.