ಬೊಂಡಾಸ್ ಹಿಡಿಯೋದು ಜಿಗ್ ಇಳಿಯುವಾಗ: ಗಾಳದ ಮೀನುಗಾರಿಕೆ, ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೊಂಡಾಸಿನ ಬಗ್ಗೆಯೇ ಇವೆ. ಸ್ಕ್ವಿಡ್ ಅಂದರೂ ಅದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಜಿಗ್ ಅಂದರೆ ಬೊಂಡಾಸ್ ಹಿಡಿಯಲು ನೂಲಿನ ತುದಿಗೆ ಕಟ್ಟುವ, ಸೂಜಿಗಳಿರುವ ಕೃತಕ ಎರೆ. ಕೊಲ್ಲಿಯ ಮೀನು, ದೋಣಿ, ಮುಳ್ಳು ಚುಚ್ಚಿದರೆ ಏನು ಮಾಡಬೇಕು ಎಂಬ ಪ್ರಶ್ನೆಗಳೂ ಇವೆ.

ಪ್ರಶ್ನೆ: ಜೆಟ್ಟಿಯ ಮೇಲೆ ನಿಂತು ಜಿಗ್ ಎಸೆಯುತ್ತೇನೆ. ಪಕ್ಕದವರು ಒಂದೇ ಸಂಜೆ ಐದಾರು ಬೊಂಡಾಸ್ ಎತ್ತಿದರು. ನನಗೆ ಒಂದೂ ಸಿಗಲಿಲ್ಲ. ಅವರದ್ದೂ ನನ್ನದೂ ಒಂದೇ ಅಳತೆಯ ಜಿಗ್. ಬಣ್ಣ ಬದಲಾಯಿಸಬೇಕಾ ಸರ್?

ಬಣ್ಣಕ್ಕೆ ಆಮೇಲೆ ಬರೋಣ. ಮೊದಲು ಒಂದು ಕೇಳುತ್ತೇನೆ. ಜಿಗ್ ನೀರಿಗೆ ಬಿದ್ದ ಮೇಲೆ ಎಷ್ಟು ಹೊತ್ತು ಬಿಡುತ್ತೀರಿ? ಹೊಸಬರಲ್ಲಿ ಹೆಚ್ಚಿನವರು ಎಸೆದ ಕೂಡಲೇ ರೀಲ್ ಸುತ್ತಲು ಶುರು ಮಾಡುತ್ತಾರೆ. ಜಿಗ್ ಮೇಲ್ಮೈಯಲ್ಲೇ ಓಡಿ ಬರುತ್ತದೆ. ಬೊಂಡಾಸ್ ಕೆಳಗೆ ಹುಲ್ಲಿನ ಪಕ್ಕದಲ್ಲೋ ಕಲ್ಲಿನ ಪಕ್ಕದಲ್ಲೋ ಇರುತ್ತದೆ. ಎರಡಕ್ಕೂ ಭೇಟಿಯೇ ಆಗುವುದಿಲ್ಲ.

ಸೀಗಡಿಯ ಆಕಾರದ ಈ ಜಿಗ್ ಜಪಾನಿನದು. ಅಲ್ಲಿ ಇದಕ್ಕೆ ಎಗಿ ಅನ್ನುತ್ತಾರೆ. ಪೊಟ್ಟಣದ ಮೇಲಿನ 2.5, 3, 3.5 ಎಂಬ ಅಳತೆಗಳೂ ಅಲ್ಲಿಂದಲೇ ಬಂದವು. ಒಂದು ಅಂಕೆಗೆ ಸುಮಾರು 3 ಸೆಂಟಿಮೀಟರ್ ಉದ್ದ ಅಂತ ಲೆಕ್ಕ ಹಾಕಿ. 3.5 ಅಂದರೆ ಹತ್ತೂವರೆ ಸೆಂಟಿಮೀಟರ್ ಆಸುಪಾಸು. ಸಾಮಾನ್ಯ 3.5 ಜಿಗ್ ಒಂದು ಮೀಟರ್ ಇಳಿಯಲು ಸುಮಾರು ಮೂರು ಸೆಕೆಂಡು ಬೇಕು. ನಿಮ್ಮ ಜೆಟ್ಟಿಯ ಕೆಳಗೆ ನಾಲ್ಕು ಮೀಟರ್ ನೀರಿದ್ದರೆ ತಳ ಮುಟ್ಟಲು ಹನ್ನೆರಡು ಸೆಕೆಂಡು. ನಿಂತಲ್ಲೇ ಬಾಯಲ್ಲಿ ಹನ್ನೆರಡು ಎಣಿಸಿ ನೋಡಿ, ಎಷ್ಟು ದೀರ್ಘ ಅನ್ನಿಸುತ್ತದೆ ಅಂತ. ಅಷ್ಟು ಹೊತ್ತು ಕಾಯಬೇಕು. ಹನ್ನೆರಡಕ್ಕೆ ಜಿಗ್ಗಿನಲ್ಲಿ ಹುಲ್ಲು ಸಿಕ್ಕಿಕೊಂಡು ಬಂದರೆ ಮುಂದಿನ ಸಲ ಹತ್ತಕ್ಕೇ ಎತ್ತಿ. ಆ ಎರಡು ಸೆಕೆಂಡಿನ ಎತ್ತರದಲ್ಲೇ ನಿಮ್ಮ ಬೊಂಡಾಸ್ ಇರುವುದು.

ಆಮೇಲೆ ರಾಡನ್ನು ಎರಡು ಮೂರು ಸಲ ಚುರುಕಾಗಿ ಮೇಲಕ್ಕೆ ಎತ್ತಿ. ಜಿಗ್ ಹೆದರಿದ ಸೀಗಡಿಯ ಹಾಗೆ ಹಾರುತ್ತದೆ. ಬೊಂಡಾಸ್ ತಿರುಗಿ ನೋಡುವುದು ಆಗ. ಆದರೆ ಹಿಡಿಯುವುದು ಆ ಹೊತ್ತಿನಲ್ಲಿ ಅಲ್ಲ. ಹಾರಿದ ಸೀಗಡಿ ದಣಿದು ಮೆಲ್ಲಗೆ ಇಳಿಯುವಾಗ ಹಿಂದಿನಿಂದ ಬಂದು ಅಪ್ಪಿಕೊಳ್ಳುತ್ತದೆ. ಎತ್ತುವುದು ಕರೆಯಲಿಕ್ಕೆ, ಇಳಿಸುವುದು ಹಿಡಿಯಲಿಕ್ಕೆ. ಪಕ್ಕದವರು ಮಾಡಿದ್ದು ಇದನ್ನೇ ಅಂತ ನನ್ನ ಅಂದಾಜು.

ಇಳಿಯುವಾಗ ನೂಲು ತೀರಾ ಸಡಿಲ ಬಿಡಬೇಡಿ, ತೀರಾ ಎಳೆದೂ ಹಿಡಿಯಬೇಡಿ. ಬೊಂಡಾಸ್ ಕಚ್ಚುವುದು ಮೀನಿನ ಹಾಗೆ ಟಕ್ ಅಂತ ಅಲ್ಲ. ನೂಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿಯುತ್ತದೆ. ಇಲ್ಲವೇ ಇಳಿಯುತ್ತಿದ್ದ ಜಿಗ್ ನಡುವೆಯೇ ನಿಂತುಬಿಡುತ್ತದೆ. ಕೆಲವು ಸಲ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಭಾರ ಅಷ್ಟೇ. ಆಗ ರಾಡನ್ನು ಜಗ್ಗಬೇಡಿ, ಒಂದೇ ಸಮನೆ ಎತ್ತಿ. ಜಿಗ್ಗಿನ ಹಿಂದಿರುವ ಕಿರೀಟದಂಥ ಸೂಜಿಗಳಿಗೆ ಮಾಮೂಲಿ ಗಾಳದ ಮೊನೆಯಲ್ಲಿರುವಂಥ ಹಿಮ್ಮುಖ ಮುಳ್ಳು ಇಲ್ಲ. ನೂಲು ಒಂದು ಕ್ಷಣ ಸಡಿಲವಾದರೂ ಜಾರಿಕೊಳ್ಳುತ್ತದೆ. ಬಲವಾಗಿ ಎಳೆದರೆ ಮೆತ್ತನೆಯ ತೋಳು ಹರಿದು ಸೂಜಿಯಲ್ಲೇ ಉಳಿಯುತ್ತದೆ. ರೀಲಿನ ಡ್ರ್ಯಾಗ್, ಅಂದರೆ ನೂಲು ಬಿಡುವ ಬಿಗಿತ, ಸಡಿಲವಾಗಿರಲಿ. ಬೊಂಡಾಸ್ ನೀರು ಚಿಮ್ಮಿಸಿ ಹಿಂದಕ್ಕೆ ಹೋದಾಗ ನೂಲು ತಾನಾಗಿ ಬಿಟ್ಟುಕೊಡಬೇಕು.

ಇನ್ನು ಬಣ್ಣ. ಬಹುಪಾಲು ಬೊಂಡಾಸುಗಳಿಗೆ ನಮ್ಮ ಹಾಗೆ ಬಣ್ಣ ಬೇರೆ ಬೇರೆ ಮಾಡಿ ನೋಡುವ ಶಕ್ತಿ ಇಲ್ಲ. ಅವುಗಳ ಕಣ್ಣಲ್ಲಿ ಬಣ್ಣ ಹಿಡಿಯುವ ಕಣ ಒಂದೇ ಬಗೆಯದು. ಆದರೆ ಬೆಳಕು ನೆರಳಿನ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಗುರುತಿಸುತ್ತವೆ. ಹಾಗಾಗಿ ಗುಲಾಬಿಯೋ ಕಿತ್ತಳೆಯೋ ಅನ್ನುವುದಕ್ಕಿಂತ, ಈ ನೀರಿನಲ್ಲಿ ಜಿಗ್ ಎದ್ದು ಕಾಣುತ್ತದಾ ಅಂತ ಕೇಳಿಕೊಳ್ಳಿ. ತಿಳಿನೀರಿಗೆ ಮಂಕಾದದ್ದು, ಕಲಕಿದ ನೀರಿಗೆ ಎದ್ದು ಕಾಣುವಂಥದ್ದು. ಎರಡು ಮೂರು ಜಿಗ್ ಸಾಕು. ಪೆಟ್ಟಿಗೆ ತುಂಬ ಬೇಡ.

ಕೊನೆಯದಾಗಿ ಜಾಗ. ಜೆಟ್ಟಿಯ ಹಲಗೆ, ಕಾಂಕ್ರೀಟಿನ ಮೇಲೆ ಕಪ್ಪು ಶಾಯಿಯ ಕಲೆಗಳನ್ನು ಹುಡುಕಿ. ಎಲ್ಲಿ ಕಲೆ ಜಾಸ್ತಿಯೋ ಅಲ್ಲಿ ಜನ ಬೊಂಡಾಸ್ ಎತ್ತಿದ್ದಾರೆ. ರಾತ್ರಿ ದೀಪವಿದ್ದರೆ ಬೆಳಕಿನ ನಡುವೆ ಎಸೆಯಬೇಡಿ. ಬೆಳಕಿಗೆ ಸಣ್ಣ ಮೀನು ಸೇರುತ್ತವೆ, ಬೊಂಡಾಸ್ ನೆರಳಿನ ಅಂಚಿನಲ್ಲಿ ಹೊಂಚು ಹಾಕುತ್ತದೆ. ದಡದಿಂದ ಹಾಕುವುದಾದರೆ ಕಡಲ ಹುಲ್ಲು ಮತ್ತು ಮರಳು ಸೇರುವ ಗೆರೆ ಒಳ್ಳೆಯದು. ಜೋರು ಮಳೆ ಬಂದು ಹೊಳೆಯ ನೀರು ಕೊಲ್ಲಿಗೆ ನುಗ್ಗಿದ್ದರೆ ಎರಡು ಮೂರು ದಿನ ಬೇರೆ ಮೀನು ಹಿಡಿಯಿರಿ. ಬೊಂಡಾಸಿಗೆ ಸಿಹಿನೀರು ಆಗಿಬರುವುದಿಲ್ಲ, ಉಪ್ಪು ಜಾಸ್ತಿ ಇರುವ ಕಡೆಗೆ ಸರಿದುಬಿಡುತ್ತದೆ.

ಪ್ರಶ್ನೆ: ಹಿಡಿದ ಮೇಲೆ ಮೈಮೇಲೆಲ್ಲ ಶಾಯಿ. ಮನೆಗೆ ತರುವಷ್ಟರಲ್ಲಿ ಮಾಂಸವೂ ಬಿಳಿಚಿಕೊಳ್ಳುತ್ತದೆ. ಏನು ಮಾಡಲಿ?

ಎತ್ತುವ ಮೊದಲು ನೀರಿನ ಮೇಲ್ಮೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡಿ. ಉಗುಳುವುದನ್ನೆಲ್ಲ ಅಲ್ಲೇ ಉಗುಳಲಿ. ಆಮೇಲೆ ತಲೆಯ ಹಿಂಭಾಗದಲ್ಲಿ, ಬೆನ್ನಿನ ಕಡೆಯಿಂದ ಹಿಡಿಯಿರಿ. ಶಾಯಿ ಬರುವ ಕೊಳವೆ ಹೊಟ್ಟೆಯ ಕಡೆ ಇದೆ, ಅದು ನಿಮ್ಮ ಮುಖಕ್ಕೂ ಪಕ್ಕದವರ ಮುಖಕ್ಕೂ ತಿರುಗದಿರಲಿ. ತೋಳುಗಳ ನಡುವೆ ಗಿಳಿಯ ಕೊಕ್ಕಿನಂಥ ಬಾಯಿ ಇದೆ. ಬೆರಳು ಅತ್ತ ಹೋಗಬಾರದು. ಶಾಯಿ ಬಿದ್ದರೆ ಒಣಗಲು ಬಿಡದೆ ಕೂಡಲೇ ಸಮುದ್ರದ ನೀರು ಸುರಿಯಿರಿ.

ಬಕೆಟ್ಟಿನಲ್ಲಿ ಒದ್ದಾಡಲು ಬಿಡುವುದು ನನಗೆ ಒಪ್ಪುವುದಿಲ್ಲ. ಎರಡು ಕಣ್ಣುಗಳ ನಡುವೆ ಚೂಪಾದ ಚೂರಿಯ ತುದಿಯಿಂದ ಒಮ್ಮೆ ಚುಚ್ಚಿದರೆ ತಕ್ಷಣ ಸಾಯುತ್ತದೆ. ಕಂದು ಮೈ ಕಣ್ಣೆದುರೇ ಬೆಳ್ಳಗಾಗುತ್ತದೆ, ಅದೇ ಗುರುತು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಐಸಿನ ಮೇಲಿಡಿ. ಕರಗಿದ ಐಸಿನ ಸಿಹಿನೀರು ಮಾಂಸಕ್ಕೆ ನೇರವಾಗಿ ತಾಗುವುದರಿಂದಲೇ ಬಿಳಿಚಿಕೊಳ್ಳುವುದು, ರುಚಿ ಕೆಡುವುದು.

ಪ್ರಶ್ನೆ: ಕೊಲ್ಲಿಯಲ್ಲಿ ತಳದ ಗಾಳ ಹಾಕಿ ಕೂರುತ್ತೇನೆ. ಟಕ ಟಕ ಅಂತ ಕಚ್ಚುತ್ತದೆ. ಎತ್ತಿದರೆ ಎರೆ ಮಾಯ, ಮೀನಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಹೋದರೆ ಒಳ್ಳೆಯದಾ?

ಇದರಲ್ಲಿ ಎರಡು ಪ್ರಶ್ನೆ ಇವೆ. ಎರೆಯದು ಸುಲಭ. ನಿಮ್ಮ ಗಾಳ ಮೀನಿನ ಬಾಯಿಗಿಂತ ದೊಡ್ಡದಿದೆ. ಕಾಣೆಯಂಥ ಮೀನಿನ ಬಾಯಿ ಬಹಳ ಚಿಕ್ಕದು, 4 ಅಥವಾ 6ನೇ ನಂಬರಿನ ಉದ್ದ ಕಾಲಿನ ಗಾಳ ಸಾಕು. ಎರೆಯನ್ನು ಗಾಳಕ್ಕೆ ಸುತ್ತಿ ಉಂಡೆ ಮಾಡಬೇಡಿ, ಮೊನೆ ಹೊರಗೆ ಕಾಣಲಿ. ಸೀಗಡಿ ಮೆತ್ತಗೆ, ಸಣ್ಣ ಮೀನು ಚುಚ್ಚಿ ಚುಚ್ಚಿ ಮುಗಿಸುತ್ತವೆ. ಅಂಥ ಕಡೆ ಬೊಂಡಾಸಿನ ಮಾಂಸವನ್ನು ಬೆರಳಿನರ್ಧ ಅಗಲದ ಪಟ್ಟಿ ಮಾಡಿ ಹಾಕಿ. ಗಟ್ಟಿಯಾಗಿ ಕೂರುತ್ತದೆ, ಹರಿವಿನಲ್ಲಿ ಅಲ್ಲಾಡುತ್ತದೆ. ಸೀಸ ಕೂಡ ತಳದಲ್ಲಿ ನಿಲ್ಲುವಷ್ಟೇ ಇರಲಿ. ನೂಲು ಸೀಸದೊಳಗೆ ಜಾರುವಂತೆ ಕಟ್ಟಿದರೆ ಮೀನಿಗೆ ಭಾರ ಗೊತ್ತಾಗುವುದಿಲ್ಲ, ಉಗುಳುವುದಿಲ್ಲ.

ದೊಡ್ಡ ಮೀನಿಗೆ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) ಬಳಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದು ಹೆಚ್ಚಾಗಿ ತುಟಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದು ಕಡಿಮೆ. ಚಿಕ್ಕ ಮೀನು ಸಿಕ್ಕರೆ ಜೀವಂತ ಬಿಡಬಹುದು. ಒಂದೇ ನಿಯಮ: ಕಚ್ಚಿದಾಗ ರಾಡ್ ಜಗ್ಗಬಾರದು, ಸುಮ್ನೆ ರೀಲ್ ಸುತ್ತಿ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳಬೇಡಿ. ನೂಲನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ.

ಇನ್ನು ಚಂದ್ರ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತದ ಅಂತರ ಜಾಸ್ತಿ, ಅಷ್ಟಮಿಯ ಆಸುಪಾಸು ಕಡಿಮೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದಕ್ಕೇ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯಲ್ಲಿ ಎರಡು ಮೀಟರ್ ಏರುವ ಜಾಗ ಅಂದುಕೊಳ್ಳಿ. ಮೊದಲ ಗಂಟೆಯಲ್ಲಿ ಹದಿನೇಳು ಸೆಂಟಿಮೀಟರಿನಷ್ಟು ಮಾತ್ರ ಏರುತ್ತದೆ. ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ತಲಾ ಅರ್ಧ ಮೀಟರ್. ನಡುವಿನ ಆ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ.

ಮೀನಿಗೆ ತಿಥಿ ಗೊತ್ತಿಲ್ಲ, ಹರಿವು ಗೊತ್ತು. ನೀರು ಏರುವಾಗ ಮುಳುಗಿದ ಮರಳು ದಿಬ್ಬದ ಮೇಲೆ ಹುಳ, ಏಡಿ ಹುಡುಕುತ್ತಾ ಮೀನು ಬರುತ್ತದೆ. ಮೊಣಕಾಲುದ್ದದ ನೀರಿಗೂ ಬರುತ್ತದೆ, ನೀವು ತುಂಬಾ ದೂರ ಎಸೆಯುತ್ತಿದ್ದೀರಿ ಅಂತ ನನ್ನ ಅನುಮಾನ. ನೀರು ಇಳಿಯುವಾಗ ಅದೇ ಮೀನು ದಿಬ್ಬದಿಂದ ಆಳದ ಕಾಲುವೆಗೆ ಜಾರುವ ಅಂಚಿನಲ್ಲಿ ಕಾಯುತ್ತದೆ, ಕೊಚ್ಚಿಕೊಂಡು ಬರುವುದನ್ನು ತಿನ್ನಲು. ಒಮ್ಮೆ ಗಾಳ ತಾರದೆ, ನೀರು ಪೂರ್ತಿ ಇಳಿದ ಹೊತ್ತಿಗೆ ಹೋಗಿ ಆ ಕೊಲ್ಲಿಯನ್ನು ನೋಡಿ. ಎಲ್ಲಿ ಗುಂಡಿ, ಎಲ್ಲಿ ಹುಲ್ಲು, ಎಲ್ಲಿ ಕಾಲುವೆ ಅಂತ ಚಿತ್ರ ಬರೆದುಕೊಳ್ಳಿ. ಆ ಒಂದು ಹಾಳೆ ಹೊಸ ರಾಡಿಗಿಂತ ಜಾಸ್ತಿ ಮೀನು ಕೊಡುತ್ತದೆ.

ಪ್ರಶ್ನೆ: ನಮ್ಮದು ಹನ್ನೆರಡು ಅಡಿಯ ದೋಣಿ, ಸಣ್ಣ ಎಂಜಿನ್ನು. ಗಾಳಿಗೆ ಬೇಗ ತೇಲಿಹೋಗುತ್ತದೆ, ಜಿಗ್ ತಳಕ್ಕೇ ಹೋಗುವುದಿಲ್ಲ. ಲಂಗರನ್ನು ಹಿಂದಿನಿಂದ ಕಟ್ಟಿದರೆ ದೋಣಿ ತಿರುಗುವುದಿಲ್ಲ ಅಂತ ಗೆಳೆಯ ಹೇಳುತ್ತಾನೆ. ಸರಿಯಾ?

ಬೇಡ. ದಯವಿಟ್ಟು ಬೇಡ. ಈ ಅಂಕಣದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ದೋಣಿಯ ಹಿಂಭಾಗ ತಗ್ಗು. ಎಂಜಿನ್ನಿನ ಭಾರ ಅಲ್ಲೇ, ನೀವು ಕೂತಿರುವುದೂ ಅಲ್ಲೇ. ಲಂಗರು ಅಲ್ಲಿ ಹಿಡಿದರೆ ಅಲೆ ಬಂದಾಗ ಹಿಂಭಾಗ ಏಳಲು ಆಗುವುದಿಲ್ಲ, ನೀರು ನೇರ ಒಳಗೆ ಬರುತ್ತದೆ. ಒಂದು ಅಲೆ ತುಂಬಿದರೆ ಇನ್ನೂ ತಗ್ಗುತ್ತದೆ, ಎರಡನೆಯದು ಮುಳುಗಿಸುತ್ತದೆ. ಹಗ್ಗ ಕತ್ತರಿಸಲೂ ಸಮಯ ಸಿಗುವುದಿಲ್ಲ. ಅಲೆಯನ್ನು ಸೀಳಲು ಇರುವುದು ಮುಂದಿನ ಮೂತಿ. ಲಂಗರು ಯಾವಾಗಲೂ ಅಲ್ಲಿಂದಲೇ.

ಹಗ್ಗ ನೀರಿನ ಆಳದ ಐದು ಪಟ್ಟಾದರೂ ಬಿಡಿ. ನಾಲ್ಕು ಮೀಟರಿಗೆ ಇಪ್ಪತ್ತು ಮೀಟರ್. ಲಂಗರಿನ ಹತ್ತಿರ ಎರಡು ಮೂರು ಮೀಟರ್ ಸರಪಳಿ ಇದ್ದರೆ ಎಳೆತ ನೆಲಕ್ಕೆ ಸಮವಾಗಿ ಬರುತ್ತದೆ, ಲಂಗರು ಕಚ್ಚಿಕೊಳ್ಳುತ್ತದೆ. ಆದರೆ ಬೊಂಡಾಸಿಗೆ ನಾನು ಲಂಗರು ಹಾಕುವುದು ಅಪರೂಪ. ಮೆಲ್ಲಗೆ ತೇಲುತ್ತಾ ಹೋದರೆ ಹುಲ್ಲಿನ ಬಯಲು ಪೂರ್ತಿ ಹುಡುಕಬಹುದು. ತೇಲುವ ವೇಗ ತಗ್ಗಿಸಲು ನೀರಿನಲ್ಲಿ ಬಿಡುವ ಬಟ್ಟೆಯ ಕೊಡೆಯಂಥ ಡ್ರೋಗ್ ಬರುತ್ತದೆ. ಅದನ್ನೂ ಮುಂದಿನಿಂದಲೇ ಕಟ್ಟಿ. ಬೊಂಡಾಸ್ ಸಿಕ್ಕ ಜಾಗವನ್ನು ಗುರುತು ಮಾಡಿ, ಸುತ್ತು ಹಾಕಿ ಗಾಳಿಯ ಮೇಲಿನ ಕಡೆಗೆ ಹೋಗಿ ಮತ್ತೆ ತೇಲಿ ಬನ್ನಿ. ಒಂದಿದ್ದಲ್ಲಿ ಇನ್ನೂ ಕೆಲವು ಇರುವುದೇ ಜಾಸ್ತಿ.

ಗಾಳಿಯ ಬಗ್ಗೆ ಒಂದು ಮಾತು. ಸಮುದ್ರದಿಂದ ದಡಕ್ಕೆ ಬೀಸುವ ಗಾಳಿ ನೋಡಿದರೆ ಹೆದರಿಕೆಯಾಗುತ್ತದೆ, ಅಲೆ ಕಾಣುತ್ತದೆ. ನಾನು ಹೆಚ್ಚು ಹೆದರುವುದು ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿಗೆ. ದಡದ ಹತ್ತಿರ ಅಲೆ ಏಳಲು ಜಾಗವೇ ಇರುವುದಿಲ್ಲ, ನೀರು ಕನ್ನಡಿಯ ಹಾಗಿರುತ್ತದೆ. ಒಂದು ಬೆಳಿಗ್ಗೆ ನಾನು ಅದನ್ನೇ ನಂಬಿ ಸಣ್ಣ ದೋಣಿಯಲ್ಲಿ ತೇಲಿಕೊಂಡು ಹೋದೆ. ತಲೆ ಎತ್ತಿ ನೋಡಿದಾಗ ದಡದ ಮರಗಳು ಒಂದೇ ಹಸಿರು ಗೆರೆಯಾಗಿದ್ದವು. ವಾಪಸು ಬರುವಾಗ ಗಾಳಿ ಎದುರು, ಅಲೆ ಎದುರು, ಹೋದದ್ದರ ಮೂರು ಪಟ್ಟು ಹೊತ್ತು ಬೇಕಾಯಿತು. ಅಂದಿನಿಂದ ದಡದ ಮೇಲೆ ಎರಡು ಗುರುತು ನೋಡಿಕೊಳ್ಳುತ್ತೇನೆ, ಹತ್ತು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತೇನೆ. ಗಾಳಿಯ ದಿಕ್ಕಿಗೆ ಎದುರಾಗಿ ನೀರು ಹರಿಯುತ್ತಿದ್ದರೆ ಅಲೆ ಗಿಡ್ಡ, ಕಡಿದು. ಆಗ ಸಣ್ಣ ದೋಣಿ ಹೊರಡುವುದೇ ಬೇಡ.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ. ಎಂಜಿನ್ ನಿಲ್ಲಿಸುವ ದಾರ ಕೈಗೆ ಕಟ್ಟಿರಲಿ. ಎಷ್ಟು ಗಂಟೆಗೆ ವಾಪಸು ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ದೋಣಿ ಮಗುಚಿದರೆ ಈಜಲು ಹೋಗದೆ ಅದನ್ನೇ ಹಿಡಿದುಕೊಳ್ಳಿ. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಪ್ರಶ್ನೆ: ತೊರಕೆ (ಸ್ಟಿಂಗ್‌ರೇ) ಮೀನಿನ ಮುಳ್ಳು ಕಾಲಿಗೆ ಚುಚ್ಚಿದರೆ ಐಸ್ ಇಡಬೇಕಾ?

ಐಸ್ ಅಲ್ಲ, ಬಿಸಿನೀರು. ಸುಮಾರು 45 ಡಿಗ್ರಿ ಬಿಸಿಯಲ್ಲಿ 30ರಿಂದ 90 ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ನೋವಿರುವ ಕಾಲಿಗೆ ಬಿಸಿ ಗೊತ್ತಾಗದೆ ಸುಟ್ಟುಹೋಗಬಹುದು, ಮೊದಲು ಕೈಯಲ್ಲಿ ಮುಟ್ಟಿ ನೋಡಿ. ಮುಳ್ಳಿನ ಚೂರು ಒಳಗೆ ಉಳಿಯುವುದುಂಟು, ಹಾಗಾಗಿ ಡಾಕ್ಟರಿಗೆ ತೋರಿಸಲೇಬೇಕು. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಮುಳ್ಳನ್ನು ಕೀಳದೆ ಆಸ್ಪತ್ರೆಗೆ ಓಡಿ. ಮರಳಿನ ನೀರಲ್ಲಿ ನಡೆಯುವಾಗ ಕಾಲು ಎತ್ತಿ ಇಡಬೇಡಿ, ನೆಲಕ್ಕೆ ಎಳೆದುಕೊಂಡು ಹೋಗಿ. ತೊರಕೆಗೆ ಆ ಅಲುಗಾಟ ಗೊತ್ತಾಗುತ್ತದೆ, ತಾನಾಗಿ ಸರಿಯುತ್ತದೆ.

ಪ್ರಶ್ನೆ: ಜಿಗ್ಗಿನಲ್ಲಿ ಬಿಳಿ ಬೆರಳುಗಳ ಗೊಂಚಲಿನಂಥದ್ದು ಸಿಕ್ಕಿಕೊಂಡು ಬಂತು. ಏನದು?

ಬೊಂಡಾಸಿನ ಮೊಟ್ಟೆ. ಒಂದೊಂದು ಬೆರಳಿನೊಳಗೂ ಕೆಲವು ಮರಿಗಳಿರುತ್ತವೆ. ಇವು ಬದುಕುವುದೇ ಹೆಚ್ಚು ಕಡಿಮೆ ಒಂದು ವರ್ಷ, ಮೊಟ್ಟೆ ಇಟ್ಟ ಮೇಲೆ ದೊಡ್ಡವು ಸಾಯುತ್ತವೆ. ಮುಂದಿನ ವರ್ಷ ಹಿಡಿಯುವುದೆಲ್ಲ ಈ ಗೊಂಚಲಿನಿಂದಲೇ ಬರಬೇಕು. ಸೂಜಿಯಿಂದ ಮೆಲ್ಲಗೆ ಬಿಡಿಸಿ ಅಲ್ಲೇ ನೀರಿಗೆ ಬಿಡಿ. ಆ ದಿನ ಆ ಹುಲ್ಲಿನ ಮೇಲೆ ಮತ್ತೆ ಜಿಗ್ ಎಸೆಯಬೇಡಿ, ಐವತ್ತು ಹೆಜ್ಜೆ ಆಚೆ ಹೋಗಿ ನಿಲ್ಲಿ.