ಓದುಗರ ಪ್ರಶ್ನೆ: ಕುಂಗ್ ಫೂ, ಸಮುರಾಯ್ ಸಿನಿಮಾ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಬ್ರೂಸ್ ಲೀ, ಜಾಕಿ ಚಾನ್ ಬಿಟ್ಟು ಬೇರೆಯವರ ಕುಂಗ್ ಫೂ ಸಿನಿಮಾ ನೋಡಿಲ್ಲ. ಮುಂದೆ ಯಾವುದು? (ವಿದ್ಯಾನಗರ, ದಾವಣಗೆರೆ)

ಎರಡು ಮಾತಿಲ್ಲ, ‘ದಿ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’ (1978). ಲಾವ್ ಕಾರ್-ಲ್ಯುಂಗ್ ನಿರ್ದೇಶನ, ಗಾರ್ಡನ್ ಲಿಯು ನಾಯಕ. ಇದರಲ್ಲಿ ಹೊಡೆದಾಟಕ್ಕಿಂತ ಕಲಿಕೆಯೇ ಕತೆ. ಎರಡೂ ಕೈ ಚಾಚಿ ನೀರಿನ ಬಕೆಟ್ ಹೊತ್ತು ಹತ್ತಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಮೊನೆ ಪಕ್ಕೆಯ ಕಡೆಗೆ. ಕೈ ಸೋತು ಇಳಿದರೆ ಪಕ್ಕೆಗೇ ಚುಚ್ಚುತ್ತದೆ. ಕೊನೆಯ ಕಾಳಗದಲ್ಲಿ ಆ ಭುಜದ ಕಸುವು ಎಲ್ಲಿಂದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ನಿರ್ದೇಶಕರೇ ಕುಂಗ್ ಫೂ ಮನೆತನದವರು; ಅವರ ತಂದೆಯ ಗುರು ಲಾಮ್ ಸಾಯ್-ವಿಂಗ್, ಚೀನಾದ ಹೆಸರಾಂತ ಕುಂಗ್ ಫೂ ಗುರು ಸಾಕ್ಷಾತ್ ವಾಂಗ್ ಫೇ-ಹಂಗ್ ಶಿಷ್ಯ. ಅದಕ್ಕೇ ಕ್ಯಾಮೆರಾ ದೂರ ನಿಂತು ತಲೆಯಿಂದ ಪಾದದವರೆಗೂ ತೋರಿಸುತ್ತದೆ. ನೋಡುವಾಗ ಕಾಲಿನ ಮೇಲೆ ಕಣ್ಣಿಡಿ, ಏಟು ಯಾವ ಕಡೆಯಿಂದ ಬರುತ್ತದೆ ಅಂತ ಕೈಗಿಂತ ಮೊದಲು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಜೆಟ್ ಲೀ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ (1991). ಜಾಕಿಯ ‘ಡ್ರಂಕನ್ ಮಾಸ್ಟರ್’ (1978) ನೋಡಿದ್ದರೆ, ಅದೇ ವಾಂಗ್ ಫೇ-ಹಂಗ್ ಇಲ್ಲಿಯೂ ನಾಯಕ. ಏಣಿಗಳ ಮೇಲಿನ ಕಾಳಗದಲ್ಲಿ ತಂತಿ ಕಟ್ಟಿ ಹಾರಿಸಿದ್ದಾರೆ, ದೃಶ್ಯಗಳನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿ ಜೋಡಿಸಿದ್ದಾರೆ. ಅದರ ಸೊಗಸೇ ಬೇರೆ.

ಪ್ರಶ್ನೆ: ‘ಸೆವೆನ್ ಸಮುರಾಯ್’ ಮೂರೂವರೆ ಗಂಟೆ ಅಂತೆ. ಚಿಕ್ಕ ಪ್ರತಿ ನೋಡಿದರೆ ಸಾಲದೇ? (ಚಿತ್ರದುರ್ಗ)

ಸಾಲದು. ಅಕಿರಾ ಕುರೊಸಾವಾ ಅವರ ಈ ಚಿತ್ರ (1954) ಪೂರ್ತಿ 207 ನಿಮಿಷ. ವಿದೇಶಕ್ಕೆಂದು ಮುಕ್ಕಾಲು ಗಂಟೆಯಷ್ಟು ಕತ್ತರಿಸಿದ ಪ್ರತಿಯೂ ಇದೆ, ಅದನ್ನು ಮುಟ್ಟಬೇಡಿ. ಊರು ಕಾಯುವ ತಯಾರಿಯನ್ನು ಸಾವಧಾನವಾಗಿ ನೋಡದಿದ್ದರೆ ಕೊನೆಯ ಮಳೆಯ ಕಾಳಗ ಬರೀ ಕೆಸರಿನ ಗದ್ದಲವಾಗಿ ಕಾಣುತ್ತದೆ. ನಲವತ್ತು ಡಕಾಯಿತರು, ಏಳು ಸಮುರಾಯ್. ಹಿರಿಯ ಕಾಂಬೆಯ್ ಒಂದು ಕಡೆ ಬೇಲಿ ಹಾಕಿಸುತ್ತಾನೆ, ಒಂದು ಕಡೆ ಗದ್ದೆಗೆ ನೀರು ಬಿಡಿಸುತ್ತಾನೆ, ಇನ್ನೊಂದು ಕಡೆ ಸೇತುವೆ ಕೀಳಿಸುತ್ತಾನೆ. ಉತ್ತರದ ದಾರಿಯನ್ನು ಮಾತ್ರ ಬೇಕೆಂದೇ ತೆರೆದಿಡುತ್ತಾನೆ. ಒಬ್ಬಿಬ್ಬರು ಕುದುರೆ ಸವಾರರನ್ನು ಒಳಗೆ ಬಿಟ್ಟು, ಹಿಂದಿನಿಂದ ಈಟಿಗಳ ಸಾಲು ಮುಚ್ಚಿಕೊಳ್ಳುತ್ತದೆ. ಒನಕೆ ಓಬವ್ವನ ಕಿಂಡಿ ಮುಂದೆ ನಿಂತು ಬಂದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಡಕಾಯಿತರ ಬಳಿ ಮೂರು ಕೋವಿಗಳೂ ಇವೆ, ಅವು ಯಾರ ಕೈಗೆ ಹೋಗುತ್ತವೆ ಅಂತ ಗಮನಿಸುತ್ತಿರಿ.

ಒಂದೇ ಸಲಕ್ಕೆ ಕೂರಲು ಆಗದಿದ್ದರೆ ಚಿತ್ರದಲ್ಲೇ ಇಂಟರ್ವಲ್ ಇದೆ. ಅಲ್ಲಿಗೆ ನಿಲ್ಲಿಸಿ, ಉಳಿದದ್ದು ಮರುದಿನ ನೋಡಿ.

ಪ್ರಶ್ನೆ: ಡಿಸ್ಕ್‌ನಲ್ಲಿ ‘ಸೆವೆನ್ ಸಮುರಾಯ್’ 199 ನಿಮಿಷ ಅಂತ ತೋರಿಸುತ್ತಿದೆ. ಸಬ್‌ಟೈಟಲ್ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ. ಟಿವಿಯಲ್ಲಿ ಚಿತ್ರ ಧಾರಾವಾಹಿ ಥರ ಕಾಣುತ್ತದೆ. (ಹರಿಹರ)

ಡಿಸ್ಕ್ ಪಾಲ್ ಎಂಬ ಹಳೆಯ ಟಿವಿ ಮಾದರಿಯದು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸುವುದರಿಂದ 207 ನಿಮಿಷ 199 ಆಗುತ್ತದೆ, ಏನೂ ಕತ್ತರಿಸಿಲ್ಲ. ಬೇರೆ ಪ್ರತಿಯ ಸಬ್‌ಟೈಟಲ್ ಹಾಕಿದ್ದೀರಿ, ಕೊನೆಗೆ ಎಂಟು ನಿಮಿಷ ಹಿಂದೆ ಬೀಳುವುದು ಅದಕ್ಕೇ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತಿದರೆ ಸಬ್‌ಟೈಟಲ್ ಮುಂದೆ, ಹಿಂದೆ ಸರಿಯುತ್ತದೆ ನಿಜ. ಆದರೆ ಮೊದಲಿಂದ ಕೊನೆವರೆಗೆ ಒಂದೇ ಅಂತರ ಇದ್ದರೆ ಮಾತ್ರ ಅದು ಉಪಯೋಗ. ನಿಮಗೆ 25 ಫ್ರೇಮಿನ ಪ್ರತಿಗೇ ಮಾಡಿದ ಸಬ್‌ಟೈಟಲ್ ಬೇಕು.

ಧಾರಾವಾಹಿ ಥರ ಕಾಣುವುದಕ್ಕೆ ಟಿವಿಯ ಮೋಷನ್ ಸ್ಮೂತಿಂಗ್ (ನಡುವೆ ಹೊಸ ಫ್ರೇಮು ತುಂಬಿ ಚಲನೆಯನ್ನು ನಯ ಮಾಡುವುದು) ಕಾರಣ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತಿರುತ್ತದೆ, ಆಫ್ ಮಾಡಿ. ಕಪ್ಪು ಪಟ್ಟಿ ಕಂಡಿತೆಂದು ಝೂಮ್ ಮಾಡಲೇಬೇಡಿ. ಈ ಚಿತ್ರಕ್ಕೆ ಎಡಬಲದಲ್ಲಿ, ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸ್ಟುಡಿಯೊದ ಸ್ಕೋಪ್ (ಅಗಲ ಪರದೆಯ) ಚಿತ್ರಗಳಿಗೆ ಮೇಲೆ ಕೆಳಗೆ ಪಟ್ಟಿ ಇರಲೇಬೇಕು. ಸ್ಕೋಪ್ ಚಿತ್ರವನ್ನು ಹಿಗ್ಗಿಸಿದರೆ ಹೊಡೆಯುವವನು ಕಾಣುತ್ತಾನೆ, ಹೊಡೆಸಿಕೊಳ್ಳುವವನು ಅಂಚಿನಾಚೆ ಹೋಗಿರುತ್ತಾನೆ.

ಪ್ರಶ್ನೆ: ಕತ್ತಿವರಸೆ ಕಡಿಮೆಯಿದ್ದರೂ ಪರವಾಗಿಲ್ಲ, ಕತೆ ಗಟ್ಟಿಯಿರುವ ಸಮುರಾಯ್ ಚಿತ್ರ ಹೇಳಿ. (ಹೊಳಲ್ಕೆರೆ)

ಮಸಾಕಿ ಕೊಬಾಯಾಶಿ ಅವರ ‘ಹರಾಕಿರಿ’ (1962), 133 ನಿಮಿಷ, ಕಪ್ಪುಬಿಳುಪು. ಕೆಲಸ ಕಳೆದುಕೊಂಡ ಸಮುರಾಯ್ ಒಬ್ಬ ದೊಡ್ಡ ಮನೆತನದ ಬಾಗಿಲಿಗೆ ಬಂದು, ಹೊಟ್ಟೆ ಬಗೆದುಕೊಂಡು ಸಾಯಲು ನಿಮ್ಮ ಅಂಗಳ ಕೊಡಿ ಅನ್ನುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು, ಬೇರೇನೂ ಓದದೆ ಕೂತುಕೊಳ್ಳಿ. ಬಿದಿರಿನ ಕತ್ತಿಯ ದೃಶ್ಯ ತಡೆದುಕೊಳ್ಳುವುದು ಕಷ್ಟ. ಆದರೆ ಅದನ್ನು ಹಾರಿಸಿದರೆ ಕತೆಯ ಸಿಟ್ಟು ಯಾಕೆಂದು ತಿಳಿಯುವುದಿಲ್ಲ.

ಪ್ರಶ್ನೆ: ಹತ್ತು ವರ್ಷದ ಮಗನ ಜೊತೆ ನೋಡುವಂಥದ್ದು? (ಚಳ್ಳಕೆರೆ)

ಜಾಕಿಯ ‘ಪ್ರಾಜೆಕ್ಟ್ ಎ’ (1983). ಗಡಿಯಾರದ ಗೋಪುರದಿಂದ ಬೀಳುವ ದೃಶ್ಯ ಮುಗಿದ ಮೇಲೂ ಕೊನೆಯ ಹೆಸರುಗಳ ತನಕ ಕೂರಿಸಿ. ಅಲ್ಲಿ ಕೆಟ್ಟ ಟೇಕ್‌ಗಳನ್ನು ತೋರಿಸುತ್ತಾರೆ, ಮನೆಯಲ್ಲಿ ಯಾಕೆ ಮಾಡಬಾರದು ಅಂತ ಅವನಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳೇ ಕತ್ತಿ ಹಿಡಿಯುವ ಚಿತ್ರ ಇದೆಯೇ? (ಪಿ.ಜೆ. ಬಡಾವಣೆ, ದಾವಣಗೆರೆ)

ಕಿಂಗ್ ಹು ಅವರ ‘ಕಮ್ ಡ್ರಿಂಕ್ ವಿತ್ ಮಿ’ (1966). ಚೆಂಗ್ ಪೇ-ಪೇ ಇದರ ನಾಯಕಿ. ಛತ್ರದೊಳಗೆ ಮೇಜಿನ ಮುಂದೆ ಕೂತಲ್ಲೇ ಪುಂಡರ ಗುಂಪನ್ನು ಎದುರಿಸುವ ದೃಶ್ಯಕ್ಕೆ ಸಾಟಿಯಿಲ್ಲ. ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ಚಿತ್ರದ ಖಳನಾಯಕಿ ಜೇಡ್ ಫಾಕ್ಸ್ ಕೂಡ ಅವರೇ. ಹಳೆಯದನ್ನು ಮೊದಲು ನೋಡಿ.