ತಪಾಸಣೆಗೆ ಮೊದಲೇ ಒಂದು ಸುತ್ತು ಹಾಕಿ

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಆರು ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಬೆಂಕಿ ಸುರಕ್ಷತೆಯ ತಪಾಸಣೆಗೆ ಬಂದವರು ಪ್ರತಿ ಸಲ ಏನಾದರೂ ನಿಯಮ ಉಲ್ಲಂಘನೆ ಬರೆದು ಹೋಗುತ್ತಾರೆ. ತಪ್ಪಿಸುವುದು ಹೇಗೆ?

ಉತ್ತರ: ಮೊದಲು ಹೊರಹೋಗುವ ದಾರಿ ನೋಡಿ. ಹಿಂಬಾಗಿಲ ಮುಂದೆ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸುವುದು, ಗಾಳಿ ಬರಲಿ ಅಂತ ಬೆಂಕಿ ತಡೆಯುವ ಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದಿಡುವುದು ಸಣ್ಣ ವಿಷಯ ಅನಿಸುತ್ತದೆ, ಆದರೆ ಹೊಗೆ ತುಂಬಿದಾಗ ಜನ ಓಡಬೇಕಾದ್ದು ಅಲ್ಲಿಂದಲೇ ಅಲ್ವಾ? ತಿಂಗಳಿಗೊಮ್ಮೆ ನೀವೇ ಸುತ್ತು ಹಾಕಿ. ಬೆಂಕಿ ನಂದಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿರಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಸಾಮಾನ್ಯವಾಗಿ ಮುಳ್ಳೇ ಇರುವುದಿಲ್ಲ, ತೂಕ ಮಾಡಿಸಿಯೇ ನೋಡಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನೇ ಕಾಯಂ ವೈರಿಂಗ್ ಮಾಡಿಕೊಂಡಿದ್ದರೆ ಇವತ್ತೇ ತೆಗೆಸಿ. ಮಾಡಿಸಿದ ರಿಪೇರಿಯನ್ನೆಲ್ಲ ತಾರೀಖು ಸಮೇತ ಪುಸ್ತಕದಲ್ಲಿ ಬರೆದು, ಪಕ್ಕದಲ್ಲೇ ಬಿಲ್ ಅಂಟಿಸಿ.